ಕೂರಿಗೆಯ ಹಿಂದೆ ಇಬ್ಬರು

ಬೀದರ ಜಿಲ್ಲೆಯ ಸಂತಪುರ, ಔರಾದ, ಭಾಲ್ಕಿ ಕಡೆಯ ಎರೆ ಹೊಲಗಳಲ್ಲಿ ಟ್ರ್ಯಾಕ್ಟರ್ ಬರುವ ಮುಂಚೆ ಬಿತ್ತನೆಗೆ ಎತ್ತಿನ ಕೂರಿಗೆಯೇ ಆಧಾರ. ಗಂಡಸು ಎತ್ತು ಹೊಡೆಯುತ್ತಿದ್ದ. ಉಡಿಯಲ್ಲಿ ಜೋಳವನ್ನೋ ತೊಗರಿಯನ್ನೋ ಕಟ್ಟಿಕೊಂಡ ಹೆಂಗಸು ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತ ಹಿಂದೆ ನಡೆಯುತ್ತಿದ್ದಳು. ಕಾಳು ಒತ್ತಾಗಿ ಬಿದ್ದರೆ ಪೈರು ಸೊರಗುತ್ತದೆ, ತೆಳುವಾದರೆ ಸಾಲು ಬರಿದಾಗುತ್ತದೆ. ವರ್ಷದ ರಾಶಿ ಆ ಬೆರಳುಗಳ ಹದದ ಮೇಲೆ ನಿಂತಿತ್ತು.

ಈ ಹಂಚಿಕೆ ಹುಟ್ಟಿದ್ದು ದೇಹದಿಂದಲೇ?

ಸ್ವಲ್ಪಮಟ್ಟಿಗೆ ಹೌದು. ಹರೆಯದಲ್ಲಿ ಏರುವ ಟೆಸ್ಟೋಸ್ಟೆರಾನ್ ಗಂಡಿನ ತೋಳು, ಭುಜಗಳ ಸ್ನಾಯುಗಳನ್ನು ಬಲಿಸುತ್ತದೆ. ನೇಗಿಲು ಅದುಮಿ ಹಿಡಿಯಲು ಆ ಕಸುವು ಬೇಕು. ಮೊಲೆಯುಣ್ಣುವ ಕೂಸಿರುವ ತಾಯಿಗೆ ನಡುವೆ ಬಿಟ್ಟು ಮತ್ತೆ ಹಿಡಿಯಬಹುದಾದ ಕೆಲಸ ಅನುಕೂಲ. ನೇಗಿಲಿನ ಬೇಸಾಯ ಬಂದಲ್ಲೆಲ್ಲ ಹೊಲದಲ್ಲಿ ಹೆಣ್ಣಿನ ಪಾಲು ಕುಗ್ಗಿತೆಂದು ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1970ರಲ್ಲಿ ವಾದಿಸಿದರು. ನಮ್ಮ ಸೀಮೆ ಈ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ. ಇಲ್ಲಿ ನೇಗಿಲು ಇದ್ದೂ ಬಿತ್ತುವುದು, ಕುರ್ಪಿ ಹಿಡಿದು ಕಸ ತೆಗೆಯುವುದು, ಕೊಯ್ಯುವುದು ಹೆಣ್ಣುಮಕ್ಕಳ ಕೈಯಲ್ಲೇ ಉಳಿದವು. ದಿನವಿಡೀ ನಡು ಬಗ್ಗಿಸಿ ಮಾಡುವ ಈ ದುಡಿಮೆಯನ್ನು ಹಗುರವೆಂದು ಕರೆಯುವುದು ಅನ್ಯಾಯ.

ಬೇಟೆ ಗಂಡಿನದು, ಗೆಡ್ಡೆಗೆಣಸು ಹೆಣ್ಣಿನದು ಎಂಬ ಆದಿಮಾನವರ ಚಿತ್ರವೂ ಈಗ ಅಲುಗಾಡಿದೆ. ಪೆರು ದೇಶದ ಆಂಡಿಸ್ ಬೆಟ್ಟಗಳಲ್ಲಿ ಸಿಕ್ಕ ಸುಮಾರು 9,000 ವರ್ಷ ಹಳೆಯ ಸಮಾಧಿಯೊಂದರಲ್ಲಿ ಬೇಟೆಯ ಕಲ್ಲುಮೊನೆಗಳ ಜೊತೆ ಹೂಳಲ್ಪಟ್ಟಿದ್ದವಳು ಹದಿಹರೆಯದ ಹುಡುಗಿ ಎಂದು ಸಂಶೋಧಕರು 2020ರಲ್ಲಿ ಪ್ರಕಟಿಸಿದರು.

ಇನ್ನು ದುಡಿಮೆಯ ಬೆಲೆಯ ಮಾತಿಗೆ ಬಂದರೆ, ಭಾರತದಲ್ಲಿ ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡಿಗೆ ಒಂದೇ ಕೂಲಿ ಕೊಡಬೇಕೆಂಬ ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ.