ತನ್ನ ಗುಣ ಹೇಳಿಕೊಳ್ಳದ ಯಂತ್ರ

ಹಳೆಯ ಸಾಮಾನಿನ ಮೇಲೆ ನನಗಿರುವ ಮೋಹವನ್ನು ಕಂಡು ಮನೆಯವರು ನಗುವುದುಂಟು. 2003ರಲ್ಲಿ ಐಬಿಎಂ ಕಂಪನಿ ಹೊರತಂದ ಥಿಂಕ್‌ಪ್ಯಾಡ್ ಟಿ40 ಎಂಬ ಲ್ಯಾಪ್‌ಟಾಪು ಈಗಲೂ ನನ್ನ ಮೇಜಿನ ಮೇಲಿದೆ. ನಾನು ಅಧ್ಯಾಪಕನಾದ ಹೊಸತರಲ್ಲಿ ಕೊಂಡದ್ದು. ಹಳಗನ್ನಡ ಪಾಠಕ್ಕೆಂದು ಮಾಡಿಕೊಂಡ ಟಿಪ್ಪಣಿಗಳೆಲ್ಲ ಅದರ ಹೊಟ್ಟೆಯಲ್ಲಿದ್ದವು. ವಿಂಡೋಸ್ ಎಕ್ಸ್‌ಪಿಯ ಪೋಷಣೆಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ನಿಲ್ಲಿಸಿತಷ್ಟೆ. ಅದರ ಹಿಂದಿನ ವರ್ಷವೇ, ಮುಂದೇನು ಗತಿಯೆಂದು, ಲಿನಕ್ಸ್ ಬಳಗದ ಉಬುಂಟುವನ್ನು ಹಾಕಲು ಹೋದೆ. ಯಂತ್ರ ಏಳಲೇ ಇಲ್ಲ. ಈ ಪ್ರೊಸೆಸರಿನಲ್ಲಿ ಪಿಎಇ ಇಲ್ಲ ಎಂಬರ್ಥದ ಸಾಲೊಂದು ಪರದೆಯ ಮೇಲೆ ನಿಂತಿತು. ರಿಪೇರಿಯ ಹುಡುಗ “ಗುಜರಿಗೆ ಹಾಕಿ ಸಾರ್” ಎಂದ.

ಈ ಪಿಎಇ ಎಂಬುದೇನು? 32 ಬಿಟ್ಟಿನ ವಿಳಾಸದಿಂದ 4 ಗಿಗಾಬೈಟಿಗಿಂತ ಹೆಚ್ಚಿನ ಮೆಮೊರಿಯನ್ನು ಮುಟ್ಟಲಾಗದು. ಆ ಎಲ್ಲೆಯನ್ನು 64ಕ್ಕೆ ಏರಿಸಲು ಇಂಟೆಲ್ ಕಂಪನಿ 1995ರ ಪೆಂಟಿಯಂ ಪ್ರೊದಲ್ಲಿ ತಂದ ಉಪಾಯ ಅದು. ಎರಡೇ ಗಿಗಾಬೈಟು ಹಿಡಿಸುವ ನನ್ನ ಯಂತ್ರಕ್ಕೆ ಅದರ ಹಂಗೇಕೆ ಎಂದು ಓದುಗರು ಕೇಳಬಹುದು, ನಾನೂ ಕೇಳಿದ್ದೆ. ಆದರೆ ವ್ಯವಸ್ಥೆಯ ತಿರುಳಾದ ಕರ್ನೆಲ್ಲನ್ನು ಎರಡೆರಡು ಬಗೆಯಲ್ಲಿ ಸಾಕುವುದು ಕಷ್ಟದ ಕೆಲಸ. 2012ರ ಅಕ್ಟೋಬರಿನಲ್ಲಿ ಬಂದ 12.10ನೆಯ ಆವೃತ್ತಿಯ ಹೊತ್ತಿಗೆ ಉಬುಂಟು ಪಿಎಇ ಇಲ್ಲದ ಕರ್ನೆಲ್ಲನ್ನು ಕೈಬಿಟ್ಟಿತ್ತು. ಅವರನ್ನು ದೂರುವಂತಿಲ್ಲ.

ಸೋಜಿಗವೆಂದರೆ, ನನ್ನ ಯಂತ್ರದೊಳಗಿನ ಪೆಂಟಿಯಂ ಎಂ ಪ್ರೊಸೆಸರಿಗೆ ಆ ಶಕ್ತಿ ಇದ್ದೇ ಇತ್ತು! ಕರ್ನೆಲ್ಲು ಎದ್ದೊಡನೆ ಪ್ರೊಸೆಸರನ್ನು ‘ನಿನಗೇನೇನು ಬರುತ್ತದೆ?’ ಎಂದು ವಿಚಾರಿಸುತ್ತದೆ. ಮೊದಮೊದಲ ಪೆಂಟಿಯಂ ಎಂಗಳು ಒಪ್ಪಿಸುತ್ತಿದ್ದ ಪಟ್ಟಿಯಲ್ಲಿ ಪಿಎಇಯ ಹೆಸರೇ ಇರುತ್ತಿರಲಿಲ್ಲ. ಸಂದರ್ಶನಕ್ಕೆ ಹೋಗಿ, ಎಂ.ಎ. ಆಗಿದೆಯೆಂಬುದನ್ನೇ ಹೇಳದೆ ಎದ್ದುಬಂದ ಅಭ್ಯರ್ಥಿಯ ಪಾಡು.

ಇದನ್ನು ಕಂಡುಕೊಂಡವರು ಸುಮ್ಮನಿರಲಿಲ್ಲ. ಎಕ್ಸ್‌ಪಿಯ ಪೋಷಣೆ ನಿಂತ ಒಂಬತ್ತೇ ದಿನಕ್ಕೆ, ಏಪ್ರಿಲ್ 17ರಂದು ಹೊರಬಂದ ಉಬುಂಟು 14.04ರಲ್ಲಿ ‘ಫೋರ್ಸ್‌ಪಿಎಇ’ ಎಂಬ ಅಪ್ಪಣೆಯ ಪದವೊಂದು ಸೇರಿತ್ತು. ಆರಂಭದಲ್ಲಿ ಅದನ್ನು ಟೈಪು ಮಾಡಿದರೆ ಕರ್ನೆಲ್ಲು ಪಟ್ಟಿಯನ್ನು ಬದಿಗಿಟ್ಟು, ಶಕ್ತಿ ಇದೆಯೆಂದೇ ನಂಬಿ ಮುಂದುವರಿಯುತ್ತದೆ. ನಾನೂ ಟೈಪು ಮಾಡಿದೆ. ಯಂತ್ರ ಎದ್ದಿತು.

ವೇಗದ ಮಾತು ಬೇಡ. ಒಂದು ಜಾಲತಾಣ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಡಬಹುದು. ಬರೆಯುವುದಕ್ಕೆ ಧಾರಾಳವಾಗಿ ಸಾಕು. ಈಗ ಅದರಲ್ಲಿರುವುದು ಅದೇ ಬಳಗದ, 2023ರ ಡೆಬಿಯನ್ 12. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಇಂಥ 32 ಬಿಟ್ಟಿನ ಯಂತ್ರಗಳಿಗೆ ಕರ್ನೆಲ್ಲನ್ನು ಕೊಡುವುದಿಲ್ಲ. ಈ ಸಲ ಟೈಪು ಮಾಡಬಹುದಾದ ಪದವೂ ಇಲ್ಲ. 64 ಬಿಟ್ಟಿನ ಶಕ್ತಿ ನನ್ನ ಪ್ರೊಸೆಸರಿಗೆ ನಿಜವಾಗಿಯೂ ಇಲ್ಲ. ದಸರೆಯ ರಜೆಯಲ್ಲಿ ಕೂತು ಟಿಪ್ಪಣಿಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿಕೊಂಡೆ.