ಹಳೆಯ ಕ್ರೆಡಿಟ್ ಕಾರ್ಡ್ ಬಾಕಿ

ಕಾರ್ಡಿನಲ್ಲಿ ಖರ್ಚು ಮಾಡಿ, ಬಿಲ್ಲಿನ ಕನಿಷ್ಠ ಮೊತ್ತವನ್ನೂ ಕಟ್ಟಲಾಗದೆ ವರ್ಷಗಟ್ಟಲೆ ಉಳಿದುಹೋದ ಸಾಲ. ಭಾರತದಲ್ಲಿ ಬಿಲ್ಲಿನ ಗಡುವಿನಿಂದ 90 ದಿನಗಳೊಳಗೆ ಕನಿಷ್ಠ ಮೊತ್ತ ಪೂರ್ತಿ ಬರದಿದ್ದರೆ ಬ್ಯಾಂಕು ಆ ಖಾತೆಯನ್ನು ಅನುತ್ಪಾದಕ ಆಸ್ತಿ ಎಂದು ಗುರುತಿಸುತ್ತದೆ. ಮುಂದೆ ಅದು 'ರೈಟ್ ಆಫ್' ಆಗುವುದೂ ಉಂಟು. ರೈಟ್ ಆಫ್ ಎಂದರೆ ಸಾಲಮನ್ನಾ ಎಂದು ತಿಳಿದು ನಿಶ್ಚಿಂತರಾದವರು ಅನೇಕರಿದ್ದಾರೆ. ಅದು ಬ್ಯಾಂಕು ತನ್ನ ಲೆಕ್ಕಪುಸ್ತಕದಲ್ಲಿ ಮಾಡಿಕೊಳ್ಳುವ ಹೊಂದಾಣಿಕೆ ಮಾತ್ರ. ವಸೂಲಿಯ ಹಕ್ಕು ಬ್ಯಾಂಕಿನಲ್ಲೇ ಇರುತ್ತದೆ, ಇಲ್ಲವೇ ಆಸ್ತಿ ಪುನರ್ರಚನಾ ಕಂಪನಿಯೊಂದಕ್ಕೆ ಮಾರಾಟವಾಗುತ್ತದೆ. ಐದಾರು ವರ್ಷ ಸದ್ದಿಲ್ಲದೆ ಇದ್ದ ಸಾಲಕ್ಕಾಗಿ ಹೆಸರೇ ಕೇಳದ ಸಂಸ್ಥೆಯಿಂದ ಇದ್ದಕ್ಕಿದ್ದಂತೆ ಫೋನ್ ಬರುವುದು ಹೀಗೆ.

ಸಾಲ ಬೆಳೆಯುವ ವೇಗವೇ ಜನರನ್ನು ಕಂಗೆಡಿಸುತ್ತದೆ. ಕಾರ್ಡಿನ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇ. 3ರಿಂದ 4ರ ಆಸುಪಾಸಿನಲ್ಲಿರುತ್ತದೆ. ತಿಂಗಳಿಗೆ ಶೇ. 3.5ರ ಚಕ್ರಬಡ್ಡಿಯಲ್ಲಿ ₹40,000 ಬಾಕಿ ಮೂರು ವರ್ಷಕ್ಕೆ ₹1.38 ಲಕ್ಷ ದಾಟುತ್ತದೆ. ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿ, ತಡಪಾವತಿ ಶುಲ್ಕಗಳು ಇದಕ್ಕೆ ಹೊರತು. ವರ್ಷಕ್ಕೆ ಶೇ. 30 ಮೀರಿದ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ತೀರ್ಪನ್ನು ತಳ್ಳಿಹಾಕಿತು. ಬಡ್ಡಿ ಹೆಚ್ಚಾಯಿತು ಎಂಬ ಒಂದೇ ಕಾರಣಕ್ಕೆ ಈಗ ಆಯೋಗದಿಂದ ಪರಿಹಾರ ನಿರೀಕ್ಷಿಸುವುದು ಕಷ್ಟ.

ಹಳೆಯ ಬಾಕಿಯ ವಿಷಯದಲ್ಲಿ ಮೊತ್ತಕ್ಕಿಂತ ಮುಖ್ಯವಾದದ್ದು ತಾರೀಖು. 1963ರ ಕಾಲಪರಿಮಿತಿ ಅಧಿನಿಯಮದ ಪ್ರಕಾರ ಇಂಥ ಹಣ ವಸೂಲಿಗೆ ದಾವಾ ಹೂಡಲು ಮೂರು ವರ್ಷದ ಅವಧಿಯಿದೆ. ಕೊನೆಯ ವ್ಯವಹಾರ, ಕೊನೆಯ ಪಾವತಿ, ಬಾಕಿಬಿದ್ದ ದಿನ, ಇವುಗಳಲ್ಲಿ ಯಾವುದರಿಂದ ಎಣಿಸಬೇಕೆಂಬುದು ಆಯಾ ಖಾತೆಯ ಸ್ವರೂಪವನ್ನು ಅವಲಂಬಿಸಿದೆ. ಅವಧಿ ಮೀರಿ ಹೂಡಿದ ದಾವೆಯನ್ನು, ಪ್ರತಿವಾದಿ ಆ ಮಾತು ಎತ್ತದಿದ್ದರೂ, ನ್ಯಾಯಾಲಯ ವಜಾ ಮಾಡಬೇಕೆಂದು 3ನೇ ಕಲಮು ಹೇಳುತ್ತದೆ.

ಆದರೆ ಈ ಮೂರು ವರ್ಷದ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗಬಹುದು. ಸಾಲಗಾರರು ಎಡವುವುದು ಹೆಚ್ಚಾಗಿ ಇಲ್ಲೇ. ಅವಧಿ ಮುಗಿಯುವ ಮೊದಲು ಸಾಲ ಇದೆಯೆಂದು ಬರೆದು ಸಹಿ ಹಾಕಿದರೆ 18ನೇ ಕಲಮಿನಂತೆ ಹೊಸ ಮೂರು ವರ್ಷ ಆರಂಭ. ಆ ಬರಹದಲ್ಲಿ ನಿಖರ ಮೊತ್ತ ಇರಬೇಕೆಂದಿಲ್ಲ. 'ಈಗ ಕೊಡಲಾರೆ' ಎಂದು ಜೊತೆಗೆ ಬರೆದಿದ್ದರೂ ಅದು ಒಪ್ಪಿಗೆಯೇ. ಇಮೇಲ್ ಮೂಲಕ ಸಾಲ ಒಪ್ಪಿಕೊಂಡದ್ದೂ ಸಲ್ಲುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಕಂಪನಿ ಪ್ರಕರಣವೊಂದರಲ್ಲಿ ಹೇಳಿದೆ. ಭಾಗಶಃ ಪಾವತಿಗೂ, ಅದಕ್ಕೆ ಸಾಲಗಾರನ ಬರಹದ ಅಥವಾ ಸಹಿಯ ಗುರುತಿದ್ದರೆ, 19ನೇ ಕಲಮು ಇದೇ ಪರಿಣಾಮ ಕೊಡುತ್ತದೆ. ಅವಧಿ ಪೂರ್ತಿ ಮುಗಿದ ಮೇಲೂ 'ಕಟ್ಟುತ್ತೇನೆ' ಎಂದು ಬರೆದು ಸಹಿ ಮಾಡಿದರೆ 1872ರ ಕರಾರು ಅಧಿನಿಯಮದ 25(3)ನೇ ಕಲಮಿನಡಿ ಅದು ಹೊಸ ಕರಾರಾಗುತ್ತದೆ. 'ಸದ್ಯಕ್ಕೆ ಐನೂರು ಹಾಕಿ, ಒಂದು ಮೆಸೇಜ್ ಕಳಿಸಿ ಸಾಕು' ಎಂದು ಏಜೆಂಟರು ದುಂಬಾಲು ಬೀಳುವಾಗ ಈ ಕಲಮುಗಳು ನೆನಪಿರಬೇಕು. ದಾಖಲೆ ನೋಡದೆ ಒಂದು ರೂಪಾಯಿಯನ್ನೂ ಹಾಕಬಾರದು, ಒಂದು ಸಾಲನ್ನೂ ಬರೆಯಬಾರದು.

ಇನ್ನೆರಡು ಲೆಕ್ಕಗಳು ಸುಲಭವಾಗಿ ತಪ್ಪಿಹೋಗುತ್ತವೆ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಕಾಲಪರಿಮಿತಿಯ ಎಣಿಕೆಯಿಂದ ಸುಪ್ರೀಂ ಕೋರ್ಟ್ ಕೈಬಿಟ್ಟಿದೆ. 2019ರಲ್ಲಿ ನಿಂತ ಖಾತೆಗೆ 2022ರಲ್ಲೇ ಅವಧಿ ಮುಗಿಯಿತು ಎಂದುಕೊಂಡರೆ ಅದು ತಪ್ಪೆಣಿಕೆ. ಎರಡನೆಯದು ವಿದೇಶದಲ್ಲಿರುವವರದು. ಪ್ರತಿವಾದಿ ಭಾರತದ ಹೊರಗಿದ್ದ ಕಾಲವನ್ನು ಕಾಲಪರಿಮಿತಿ ಅಧಿನಿಯಮದ 15(5)ನೇ ಕಲಮು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಂಗಳೂರಿನ ಕಾರ್ಡು ಹಾಗೇ ಬಿಟ್ಟು ದುಬೈಗೋ ಅಮೆರಿಕಕ್ಕೋ ಹೋದ ಕನ್ನಡಿಗರ ಪಾಲಿಗೆ ಅಲ್ಲಿ ಕಳೆದ ವರ್ಷಗಳು ಕಳೆದಿಲ್ಲವೆಂದೇ ಅರ್ಥ.

ಅವಧಿ ಮೀರಿದರೂ ಸಾಲ ಅಳಿಸಿಹೋಗುವುದಿಲ್ಲ. ಕೋರ್ಟಿನ ಬಾಗಿಲು ಮುಚ್ಚುತ್ತದೆಯೇ ಹೊರತು ಸಾಲ ಉಳಿಯುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 1958ರಲ್ಲೇ ಬಾಂಬೆ ಡೈಯಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅದೇ ಬ್ಯಾಂಕಿನಲ್ಲಿ ಉಳಿತಾಯ ಖಾತೆ ಇದ್ದರೆ ಅಲ್ಲಿನ ಹಣವನ್ನು ಬಾಕಿಗೆ ಹೊಂದಿಸಿಕೊಳ್ಳಲು ಬ್ಯಾಂಕು ಮುಂದಾಗಬಹುದು. ಸಿಬಿಲ್ ವರದಿಯಲ್ಲಿ ಕಲೆ ಉಳಿದು, ಮನೆಸಾಲಕ್ಕೆ ಹೋದಾಗ ಅದು ಎದುರಾಗುತ್ತದೆ.

ಆದ್ದರಿಂದ ಮೊದಲ ಕೆಲಸ ಕಾಗದ ಜೋಡಿಸುವುದು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕೂ ಸಾಲ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಖಾತೆ ಯಾರ ಹೆಸರಿನಲ್ಲಿದೆ, ಕೊನೆಯ ಪಾವತಿ ಯಾವಾಗ ಆಯಿತು ಎಂಬುದು ಅದರಲ್ಲಿ ಸಿಗುತ್ತದೆ. ಅಸಲು, ಬಡ್ಡಿ, ಶುಲ್ಕ, ತೆರಿಗೆಗಳನ್ನು ಬಿಡಿಸಿ ತೋರಿಸುವ ಲೆಕ್ಕವನ್ನು ಬ್ಯಾಂಕಿನಿಂದ ಕೇಳಬೇಕು. ಸಾಲ ಮಾರಾಟವಾಗಿದೆ ಎಂದರೆ ಅದರ ಪತ್ರವನ್ನೂ ಕೇಳಬೇಕು. ಈ ಕೋರಿಕೆಯ ಪತ್ರದಲ್ಲಿ 'ನನ್ನ ಬಾಕಿ' ಎಂದು ಬರೆಯದೆ 'ನೀವು ಹೇಳುತ್ತಿರುವ ಮೊತ್ತ' ಎಂದು ಬರೆಯುವುದು ಲೇಸು. ವರದಿಯಲ್ಲಿ ತಪ್ಪಿದ್ದರೆ ದೂರು ಕೊಟ್ಟ 30 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಮೀರಿದ ಪ್ರತಿ ದಿನಕ್ಕೆ ದೂರುದಾರರಿಗೆ ₹100 ಪರಿಹಾರ ಎಂಬ ನಿಯಮ 2024ರಿಂದ ಜಾರಿಯಲ್ಲಿದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ತಮ್ಮ ಹೆಸರು ಹುಡುಕಿ ನೋಡುವುದೂ ಅಗತ್ಯ. ಹಳೆಯ ವಿಳಾಸಕ್ಕೆ ಸಮನ್ಸ್ ಹೋಗಿ, ಸಾಲಗಾರನಿಗೆ ತಿಳಿಯದೆಯೇ ಏಕಪಕ್ಷೀಯ ಡಿಕ್ರಿ ಆಗಿರಬಹುದು. ಡಿಕ್ರಿಯ ಅಮಲ್ಜಾರಿಗೆ 12 ವರ್ಷ ಕಾಲವಿದೆ. ಸಮನ್ಸ್ ಸರಿಯಾಗಿ ತಲುಪಿರದಿದ್ದರೆ, ಡಿಕ್ರಿಯ ವಿಷಯ ತಿಳಿದ 30 ದಿನಗಳೊಳಗೆ ಅದನ್ನು ರದ್ದುಪಡಿಸಲು ಅರ್ಜಿ ಹಾಕಬಹುದು.

ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ 2022ರ ಆಗಸ್ಟ್ 12ರ ಸುತ್ತೋಲೆ ಹೇಳುತ್ತದೆ. ಬೈಗುಳ, ಬೆದರಿಕೆ, ಮನೆಯವರನ್ನೋ ಸ್ನೇಹಿತರನ್ನೋ ಕಾಡುವುದು, ನಾಲ್ಕು ಜನರೆದುರು ಮಾನ ಕಳೆಯುವುದು, ಎಲ್ಲವೂ ನಿಷಿದ್ಧ. ಏಜೆಂಟ್ ಮಾಡಿದ ತಪ್ಪಿಗೆ ಬ್ಯಾಂಕೇ ಹೊಣೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನ ತಾರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ತಂದ ಕಿರುಸಾಲ ಕಾನೂನು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಸಂಸ್ಥೆಗಳಿಗೆ ಅನ್ವಯಿಸದು. ಹಾಗಾಗಿ ಕಾರ್ಡುದಾರರಿಗೆ ಅದು ಆಸರೆಯಲ್ಲ.

ಕಾರ್ಡ್ ಬಾಕಿ ಸಿವಿಲ್ ವ್ಯಾಜ್ಯ. ಕಟ್ಟಲಾಗದ ಮಾತ್ರಕ್ಕೆ ಪೊಲೀಸರು ಬಂಧಿಸುವುದಿಲ್ಲ. ಡಿಕ್ರಿ ಆದ ಮೇಲೂ ಬರಿಯ ಬಡತನಕ್ಕಾಗಿ ಸಾಲಗಾರನನ್ನು ಸಿವಿಲ್ ಜೈಲಿಗೆ ಕಳಿಸಲಾಗದು ಎಂದು 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಭವಿಷ್ಯ ನಿಧಿಗೆ ಜಪ್ತಿಯಿಂದ ರಕ್ಷಣೆಯಿದೆ. ಸಂಬಳದಲ್ಲಿ ಮೊದಲ ₹1,000 ಮತ್ತು ಉಳಿದುದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಅಪಾಯವಿರುವುದು ಚೆಕ್ಕಿನಲ್ಲಿ. ಏಜೆಂಟರ ಒತ್ತಾಯಕ್ಕೆ ಮುಂದಿನ ತಾರೀಖಿನ ಚೆಕ್ ಬರೆದುಕೊಟ್ಟು ಅದು ವಾಪಸಾದರೆ, ಸಿವಿಲ್ ಸಾಲ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಅಧಿನಿಯಮದ 138ನೇ ಕಲಮಿನ ಕ್ರಿಮಿನಲ್ ಕೇಸಿಗೆ ದಾರಿಯಾಗಬಹುದು.

ದಾಖಲೆ ಸರಿಯಿದ್ದು ಸಾಲವೂ ತನ್ನದೇ ಎಂದು ಖಚಿತವಾದರೆ, ಶಕ್ತಿ ಇರುವವರು ತೀರಿಸುವುದೇ ಸರಿ. ಪೂರ್ತಿ ಕಟ್ಟಲಾಗದಿದ್ದರೆ ಒಂದೇ ಗಂಟಿನ ರಾಜಿ ಮೊತ್ತಕ್ಕೆ ಮಾತಾಡಬಹುದು. ಹಳೆಯ ಖಾತೆಗಳಲ್ಲಿ ಬಡ್ಡಿ, ಶುಲ್ಕ ಬಿಡಲು ಬ್ಯಾಂಕುಗಳು ಒಪ್ಪುವುದುಂಟು. ಹಣ ಕಟ್ಟುವ ಮೊದಲೇ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ರಾಜಿಪತ್ರ ಕೈಗೆ ಬರಬೇಕು. ಹಣ ಕಾರ್ಡ್ ಖಾತೆಗೇ ಹೋಗಬೇಕು, ಏಜೆಂಟರ ಯುಪಿಐಗೆ ಖಂಡಿತ ಅಲ್ಲ. ಕೊನೆಗೆ 'ಬಾಕಿ ಇಲ್ಲ' ಪ್ರಮಾಣಪತ್ರ ಪಡೆದು ಜೋಪಾನ ಮಾಡಬೇಕು. ರಾಜಿಯಲ್ಲಿ ಮುಗಿದ ಖಾತೆಗೆ ವರದಿಯಲ್ಲಿ 'ಸೆಟಲ್ಡ್' ಎಂದು ಬೀಳುತ್ತದೆ. ಪೂರ್ತಿ ಕಟ್ಟಿದ ಖಾತೆಯ 'ಕ್ಲೋಸ್ಡ್' ಎಂಬುದಕ್ಕೆ ಅದು ಸಮವಲ್ಲ. ಇತ್ಯರ್ಥವಾದ 30 ದಿನಗಳೊಳಗೆ ಬ್ಯಾಂಕು ಮಾಹಿತಿ ಕಂಪನಿಗಳಲ್ಲಿ ವಿವರ ತಿದ್ದಿಸಬೇಕು. ಲೋಕ ಅದಾಲತ್‌ನಲ್ಲೂ ರಾಜಿ ಸಾಧ್ಯ. ಅಲ್ಲಿನ ಒಪ್ಪಂದ ಡಿಕ್ರಿಗೆ ಸಮ, ಅದಕ್ಕೆ ಮೇಲ್ಮನವಿಯಿಲ್ಲ. ಕಟ್ಟಲಾಗುವಷ್ಟು ಮೊತ್ತಕ್ಕೆ ಮಾತ್ರ ಒಪ್ಪಬೇಕು.

ಕಾರ್ಡುದಾರ ತೀರಿಕೊಂಡಿದ್ದರೆ, ಅವರು ಬಿಟ್ಟುಹೋದ ಆಸ್ತಿಯ ಮಿತಿಯೊಳಗೆ ಮಾತ್ರ ವಾರಸುದಾರರ ಹೊಣೆ. ಏನೂ ಬಾರದ ಹೆಂಡತಿ ಮಕ್ಕಳು ಕೈಯಿಂದ ಕಟ್ಟಬೇಕಿಲ್ಲ. ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ಯಾರೂ ಸುಮ್ಮನಿರಬಾರದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಪಡೆಯಬಹುದು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಕಾನೂನು ನೆರವಿನ ಸಹಾಯವಾಣಿಯ ಸಂಖ್ಯೆ 15100.