ಬೆರಳ ತುದಿಯ ತೀರ್ಪು

ಪ್ಯಾರಿಸ್‌ನಲ್ಲಿ 1780ರ ದಶಕದಲ್ಲಿ ವ್ಯಾಲೆಂಟಿನ್ ಆಯುಯಿ ಅಂಧ ಮಕ್ಕಳಿಗಾಗಿ ಶಾಲೆ ತೆರೆದರು. ಕುರುಡರು ಓದಬಲ್ಲರು ಎಂದು ಯುರೋಪಿಗೆ ತೋರಿಸಿಕೊಟ್ಟ ಹೆಗ್ಗಳಿಕೆ ಅವರದು. ದಪ್ಪ ಕಾಗದದ ಮೇಲೆ ರೋಮನ್ ಅಕ್ಷರಗಳನ್ನು ದೊಡ್ಡದಾಗಿ ಉಬ್ಬಿಸಿ ಒತ್ತಿದ ಅವರ ಪುಸ್ತಕಗಳು ತೂಕದಲ್ಲೂ ಬೆಲೆಯಲ್ಲೂ ಭಾರಿಯಾಗಿದ್ದವು. ಮಕ್ಕಳು ಒಂದೊಂದು ಅಕ್ಷರದ ಅಂಚನ್ನೂ ಸವರಿ ಗುರುತಿಸಬೇಕಿತ್ತು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತುಹೋಗುವಷ್ಟು ನಿಧಾನ. ಅದಕ್ಕಿಂತ ದೊಡ್ಡ ಕೊರತೆ ಬರವಣಿಗೆಯದು. ಆ ಉಬ್ಬಕ್ಷರವನ್ನು ವಿದ್ಯಾರ್ಥಿ ತಾನೇ ಬರೆದು, ಬರೆದದ್ದನ್ನು ತಾನೇ ಓದಿಕೊಳ್ಳಲು ಸುಲಭದ ದಾರಿ ಇರಲಿಲ್ಲ. ಕಣ್ಣಿಗೆ ಒಪ್ಪುವ ಆಕಾರವನ್ನೇ ಬೆರಳಿಗೂ ಕೊಟ್ಟದ್ದು ಇಲ್ಲಿನ ಮೂಲ ದೋಷ. ಅಂಗವಿಕಲರಿಗಾಗಿ ರೂಪಿಸಿದ ಸಾಧನದ ಗುಣವನ್ನು ಅದನ್ನು ಬಳಸುವವರ ಅನುಭವದಿಂದಲೇ ಅಳೆಯಬೇಕು ಎಂಬ ಮಾತು ಇಂದು ಸಂಶೋಧಕರ ವಲಯದಲ್ಲಿ ಬಲವಾಗಿ ಕೇಳಿಬರುತ್ತದೆ. ಬ್ರೈಲ್ ಲಿಪಿಯ ಚರಿತ್ರೆ ಅದಕ್ಕೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿಯಾದ ಪುರಾವೆ.

ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ, ಕೂಪ್ವ್ರೇ ಎಂಬ ಹಳ್ಳಿಯಲ್ಲಿ. ಕುದುರೆಯ ಜೀನು ಹೊಲಿಯುವ ತಂದೆಯ ಅಂಗಡಿಯಲ್ಲಿ ಮೊನಚಾದ ಸಾಧನವೊಂದು ಕಣ್ಣಿಗೆ ತಗುಲಿ, ಎಳವೆಯಲ್ಲೇ ಎರಡೂ ಕಣ್ಣು ಹೋದವು. ಹತ್ತನೇ ವಯಸ್ಸಿಗೆ ಅವನು ಪ್ಯಾರಿಸ್ ಶಾಲೆ ಸೇರಿದ. ಚಾರ್ಲ್ಸ್ ಬಾರ್ಬಿಯೇ ಎಂಬುವರು ರೂಪಿಸಿದ ಚುಕ್ಕಿಗಳ ಬರಹ 1820ರ ದಶಕದ ಆರಂಭದಲ್ಲಿ ಆ ಶಾಲೆಗೆ ಬಂತು. ಅಡ್ಡಕ್ಕೆ ಎರಡು, ಉದ್ದಕ್ಕೆ ಆರು, ಒಟ್ಟು ಹನ್ನೆರಡು ಚುಕ್ಕಿಗಳ ಮನೆ ಅದು. ಗೆರೆಗಿಂತ ಚುಕ್ಕಿ ಬೆರಳಿಗೆ ಬೇಗ ಸಿಗುತ್ತದೆ ಎಂದು ಹುಡುಗರಿಗೆ ಕೂಡಲೇ ತಿಳಿಯಿತು. ಆದರೆ ಹನ್ನೆರಡು ಚುಕ್ಕಿ ಬೆರಳ ತುದಿಗೆ ಒಮ್ಮೆಗೇ ನಿಲುಕುವುದಿಲ್ಲ, ಮೇಲೆ ಕೆಳಗೆ ತಡವಬೇಕು. ಜೊತೆಗೆ ಅದು ಉಚ್ಚಾರಣೆಯ ಬರಹ. ಫ್ರೆಂಚ್ ಕಾಗುಣಿತ ಅದರಲ್ಲಿ ಉಳಿಯುತ್ತಿರಲಿಲ್ಲ. ಹದಿನೈದು ವರ್ಷದ ಬ್ರೈಲ್ 1824ರ ಹೊತ್ತಿಗೆ ಹನ್ನೆರಡನ್ನು ಆರಕ್ಕಿಳಿಸಿದ. ಆರು ಚುಕ್ಕಿ ಒಂದೇ ಸ್ಪರ್ಶಕ್ಕೆ ದಕ್ಕುತ್ತವೆ, ಅವುಗಳಿಂದ 63 ಗುರುತು ಹೊರಡುತ್ತವೆ. 1829ರಲ್ಲಿ ಪದ್ಧತಿ ಪುಸ್ತಕವಾದಾಗ ಚುಕ್ಕಿಗಳ ಜೊತೆ ಕಿರುಗೆರೆಗಳೂ ಇದ್ದವು; ಬಳಸುತ್ತಾ ಹೋದಂತೆ ಅವು ತೊಡಕೆನಿಸಿ, 1837ರ ಆವೃತ್ತಿಯಲ್ಲಿ ಬಿಟ್ಟುಹೋದವು.

ಕಣ್ಣುಳ್ಳವರು ಓದಲಾಗದ ಲಿಪಿ ಅಂಧರನ್ನು ಸಮಾಜದಿಂದ ದೂರ ಮಾಡುತ್ತದೆ ಎಂಬ ಆಕ್ಷೇಪ ಆಗ ಬಲವಾಗಿತ್ತು. 1840ರಲ್ಲಿ ಶಾಲೆಯ ಮುಖ್ಯಸ್ಥ ದ್ಯುಫೋ ಬ್ರೈಲ್ ಲಿಪಿಯನ್ನು ತರಗತಿಯಿಂದ ಹೊರಗಿಟ್ಟು ಉಬ್ಬಕ್ಷರವನ್ನೇ ಹಿಡಿದರು. ಆಕ್ಷೇಪ ಹುರುಳಿಲ್ಲದ್ದಲ್ಲ, ಶಿಕ್ಷಕರು, ತಂದೆತಾಯಿ ಓದಲಾಗದ ಬರಹ ಮಗುವನ್ನು ಒಂಟಿಯಾಗಿಸಬಹುದು. ಆದರೆ ಸ್ವಂತಕ್ಕೆ ಒಂದು ಟಿಪ್ಪಣಿಯನ್ನೂ ಬರೆದುಕೊಳ್ಳಲಾಗದ ಸ್ಥಿತಿ ಅದಕ್ಕಿಂತ ದೊಡ್ಡ ಒಂಟಿತನ. ಆ ದೂರವನ್ನು ತುಂಬಲು ಯತ್ನಿಸಿದ್ದೂ ಬ್ರೈಲ್ ಅವರೇ. ಕಣ್ಣುಳ್ಳವರಿಗೂ ಕಾಣುವಂತೆ ಸಾಮಾನ್ಯ ಅಕ್ಷರಗಳನ್ನು ಚುಕ್ಕಿಗಳಿಂದ ಬರೆಯುವ ಇನ್ನೊಂದು ವಿಧಾನವನ್ನು 1839ರಲ್ಲಿ ಪ್ರಕಟಿಸಿದರು. ಅದಕ್ಕೊಂದು ಯಂತ್ರ ಕಟ್ಟಿದ ಪಿಯೇರ್ ಫೂಕೋ ಕೂಡ ಅಂಧರು. ಇತ್ತ ತರಗತಿಯಿಂದ ಹೊರಬಿದ್ದ ಲಿಪಿಯನ್ನು ವಿದ್ಯಾರ್ಥಿಗಳು ತಮ್ಮಷ್ಟಕ್ಕೆ ಬಳಸುತ್ತಲೇ ಇದ್ದರು. 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಅದರ ಬಹಿರಂಗ ಪ್ರದರ್ಶನ ನಡೆಯಿತು. ಫ್ರಾನ್ಸ್ ಅದನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಬ್ರೈಲ್ ತೀರಿಕೊಂಡು ಎರಡು ವರ್ಷವಾಗಿತ್ತು.

ಬಾರ್ಬಿಯೇ ಕಣ್ಣುಳ್ಳವರಲ್ಲವೇ, ಅವರಿಲ್ಲದೆ ಬ್ರೈಲ್ ಎಲ್ಲಿತ್ತು ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಚುಕ್ಕಿಯ ಕಲ್ಪನೆಯಷ್ಟೇ ಅಲ್ಲ, ಬರೆಯುವ ಹಲಗೆ ಮತ್ತು ಮೊಳೆಯೂ ಅವರಿಂದಲೇ ಬಂದವು. ಆದ್ದರಿಂದ ನನ್ನ ವಾದ ಯಾರು ಕಂಡುಹಿಡಿಯಬೇಕು ಎಂಬುದರ ಬಗ್ಗೆ ಅಲ್ಲ, ಕೊನೆಯ ಮಾತು ಯಾರದ್ದಾಗಬೇಕು ಎಂಬುದರ ಬಗ್ಗೆ. ಅಮೆರಿಕದಲ್ಲಿ ಬಾಸ್ಟನ್ ಉಬ್ಬಕ್ಷರ, ನ್ಯೂಯಾರ್ಕ್ ಪಾಯಿಂಟ್, ಅಮೆರಿಕನ್ ಬ್ರೈಲ್ ಎಂದು ಬೇರೆ ಬೇರೆ ಲಿಪಿಗಳು ದಶಕಗಟ್ಟಲೆ ಹೋರಾಡಿದವು. ಹೆಲೆನ್ ಕೆಲರ್ ಅಂಥವರು ಹಲವು ಲಿಪಿ ಕಲಿಯಬೇಕಾಯಿತು. ಜಗಳ ಇಳಿಮುಖವಾದದ್ದು 20ನೇ ಶತಮಾನದ ಆರಂಭದಲ್ಲಿ, ಅಂಧ ಓದುಗರಿಂದಲೇ ಬೇರೆ ಬೇರೆ ಲಿಪಿಗಳನ್ನು ಓದಿಸಿ, ವೇಗವನ್ನೂ ತಪ್ಪುಗಳನ್ನೂ ಅಳೆದ ಮೇಲೆ.

ಭಾರತದಲ್ಲೂ ಒಂದೊಂದು ಕಡೆ ಒಂದೊಂದು ಬ್ರೈಲ್ ಇತ್ತು. 1951ರಲ್ಲಿ ಭಾರತಿ ಬ್ರೈಲ್ ಅವುಗಳನ್ನು ಒಂದುಗೂಡಿಸಿತು. ಕನ್ನಡದ ದುಂಡನೆಯ ಆಕಾರ, ಕೆಳಗೆ ಇಳಿಯುವ ಒತ್ತು ಅದರಲ್ಲಿ ಇಲ್ಲವಲ್ಲ ಎಂದು ಕೊರಗುವವರಿಗೆ ‘ಶಕ್ತಿ’ ಎಂಬ ಪದವನ್ನು ತೋರಿಸಬಹುದು: ಶ, ಅರ್ಧಾಕ್ಷರ ಸೂಚಿಸುವ ನಾಲ್ಕನೇ ಚುಕ್ಕಿ, ಕ, ತ, ಇ. ಐದು ಮನೆಗಳು ಒಂದೇ ಸಾಲಿನಲ್ಲಿ, ಎಡದಿಂದ ಬಲಕ್ಕೆ. ಬೆರಳು ಒತ್ತಿಗಾಗಿ ಕೆಳಗಿಳಿಯಬೇಕಿಲ್ಲ, ಗುಡಿಸಿಗಾಗಿ ಮೇಲೇರಬೇಕಿಲ್ಲ. ಒಂದು ಮತ್ತು ಮೂರನೇ ಚುಕ್ಕಿಯ ‘ಕ’ ಹಿಂದಿಯಲ್ಲೂ ತಮಿಳಿನಲ್ಲೂ ಅದೇ, ಇಂಗ್ಲಿಷಿನ ‘ಕೆ’ ಅಕ್ಷರಕ್ಕೂ ಅದೇ.